ಏಳು ತಲೆಮಾರಿನ ಕುದುರೆ

ಹೆಂಡತಿ: ನಾಳೆ ಬೆಳಗ್ಗೆ ಹಾಲಿನ ಗಾಡಿ ಎಳೆಯೋರ್ಯಾರು? ಮೊದಲು ಅದು ಹೇಳಿ.

ಗಂಡ: ಗಾಡಿ ಎಳೆಯೋ ಕುದುರೆನಾ ಇದು? ಏಳು ತಲೆಮಾರಿನ ವಂಶಾವಳಿ ಇದೆ ಕಣೇ! ನೋಂದಣಿ ಕಚೇರಿ ಮುದ್ರೆ ನೋಡು.

(ಗಾಡಿ ಎಳೆಯುತ್ತಿದ್ದ ಹೆಣ್ಣು ಕುದುರೆ ಕೆಂಚಿಯನ್ನು ಕುದುರೆ ದಲ್ಲಾಳಿಗೆ ಕೊಟ್ಟು, ಬದಲಿಗೆ ಈ ಗಂಡು ಕುದುರೆಯನ್ನು ಕರೆತಂದಿದ್ದಾನೆ ಮಹಾರಾಯ. ಅದು ಲಾಯದ ಬಾಗಿಲಲ್ಲಿ ಒಂದು ಕಾಲನ್ನು ನೆಲಕ್ಕೆ ತಾಗಿಯೂ ತಾಗದಂತೆ ಇಟ್ಟು ನಿಂತಿದೆ. ಇವನ ಕಣ್ಣೆಲ್ಲ ಕಾಗದದ ಮೇಲೆ.)

ಹೆಂಡತಿ: ಯಾರ ಮನೆ ಮುಂದೆ ನಿಲ್ಲಬೇಕು ಅಂತ ಕೆಂಚಿಗೆ ಹೇಳೋದೇ ಬೇಕಿರಲಿಲ್ಲ.

ಗಂಡ: ಕೆಂಚಿಯ ಅಪ್ಪ ಯಾರು? ಗೊತ್ತಾ?

ಹೆಂಡತಿ: ಹಾಲು ತಗೊಳ್ಳೋರು ಒಬ್ಬರೂ ಕೇಳಿಲ್ಲ.

ಗಂಡ: ಇದರ ಮರಿಗಳಿಗೆ ಜನ ಸಾಲುಗಟ್ಟಿ ನಿಲ್ತಾರೆ, ನೋಡ್ತಿರು. ಅಪ್ಪ, ಉತ್ತಮ ದರ್ಜೆ. ಅಮ್ಮ, ಉತ್ತಮ ದರ್ಜೆ. ತಾತ ಎಂಥ ಘನವಂತ ಅಂದ್ರೆ, ಅವನ ಹೆಸರು ಎರಡು ಕಡೆ ಬರೆದಿದ್ದಾರೆ!

ಹೆಂಡತಿ: ಎಲ್ಲಿ, ತೋರಿಸಿ... ಅಯ್ಯೋ ನನ್ನ ಕರ್ಮವೇ! ಒಂದು ಕಡೆ ಅಪ್ಪನ ಅಪ್ಪ, ಇನ್ನೊಂದು ಕಡೆ ಅಮ್ಮನ ಅಪ್ಪ. ಇದರ ಅಪ್ಪ ಅಮ್ಮ ಇಬ್ಬರೂ ಅಣ್ಣ ತಂಗಿ ರೀ!

ಗಂಡ: (ಸ್ವಲ್ಪ ಯೋಚಿಸಿ) ಅಂದ್ರೆ, ವಂಶ ಹೊರಗೆ ಹೋಗದ ಹಾಗೆ ಜೋಪಾನ ಮಾಡಿದ್ದಾರೆ.

ಹೆಂಡತಿ: ಕುಂಟ್ತಿದೆಯಲ್ಲ, ಅದನ್ನೂ ಜೋಪಾನ ಮಾಡಿದ್ದಾರೆ.

ಗಂಡ: ಅದು ಗತ್ತು ಕಣೇ. ದೊಡ್ಡ ಮನೆತನದ ಕುದುರೆಗಳು ನಿಲ್ಲೋದೇ ಹಾಗಂತೆ. ದಲ್ಲಾಳಿನೇ ಹೇಳಿದ.

ಹೆಂಡತಿ: ಅಪ್ಪ, ಅಮ್ಮ, ತಾತ ಎಲ್ಲಾ ಆಯ್ತು. ಇದರದ್ದೇ ದರ್ಜೆ ಏನು?

ಗಂಡ: ಇದರದ್ದಾ?

(ಹೆಂಡತಿ ಕಾಗದ ಕಿತ್ತುಕೊಂಡು ಮಗುಚಿದಳು. ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಪರೀಕ್ಷಕರ ಷರಾ.)

ಹೆಂಡತಿ: “ಮುಖ, ಹತ್ತಕ್ಕೆ ಎಂಟು. ಕಾಲು, ಹತ್ತಕ್ಕೆ ಎರಡು. ನಡಿಗೆ, ಒಂದು. ಕನಿಷ್ಠ ದರ್ಜೆ. ಮರಿ ಹಾಕಿಸಲು ಬಳಸತಕ್ಕದ್ದಲ್ಲ.”

ಗಂಡ: ಮುಖಕ್ಕೆ ಎಂಟು ಬಂದಿದೆಯಲ್ಲೇ!

ಹೆಂಡತಿ: ಮುಖಕ್ಕೆ ಗಾಡಿ ಕಟ್ತೀರಾ? ಬೇಡ ಅಂದ್ರೆ ಸಂಜೆಯೊಳಗೆ ವಾಪಸ್ ತಗೊಳ್ತೀನಿ ಅಂತ ದಲ್ಲಾಳಿ ಹೇಳಿದ್ದಾನೆ ತಾನೇ? ಹೋಗಿ, ಕೆಂಚೀನ ಕರ್ಕೊಂಡು ಬನ್ನಿ. ಅವಳಿಲ್ಲದ ಲಾಯ ನೋಡೋಕೆ ನನ್ನ ಕೈಲಾಗಲ್ಲ.

(ಗಂಡ ಹಗ್ಗ ಹಿಡಿದು ಎರಡು ಹೆಜ್ಜೆ ಹಾಕಿದ. ಕುದುರೆ ಕುಂಟುತ್ತಾ ಹಿಂದೆ ಬಂತು. ಇವನು ಮತ್ತೆ ನಿಂತ.)

ಗಂಡ: ಅಲ್ವೇ, ಇಂಥ ಕಾಗದ ನೋಡಿದ್ರೆ ಯಾರು ತಾನೇ ಮೋಸ ಹೋಗಲ್ಲ?

ಹೆಂಡತಿ: ನಮ್ಮಪ್ಪನೇ ಮೋಸ ಹೋದ್ರಲ್ಲ! ನಿಮ್ಮ ತಾತ ಎಂಥೋರು, ಮುತ್ತಾತ ಎಂಥೋರು ಅಂತ ಊರೆಲ್ಲ ವಿಚಾರಿಸಿದ್ರು. ನಿಮ್ಮ ವಿಷಯ ಕೇಳೋದನ್ನೇ ಮರೆತರು.

ಗಂಡ: (ಪೆಚ್ಚಾಗಿ) ನನಗೆಷ್ಟು ಅಂಕ ಕೊಡ್ತೀಯ?

ಹೆಂಡತಿ: ಕೆಂಚಿ ಬಂದ್ಮೇಲೆ ಹೇಳ್ತೀನಿ. ಬರದಿದ್ರೆ ನಾಳೆ ಗಾಡಿಗೆ ನಿಮ್ಮನ್ನೇ ಕಟ್ತೀನಿ. ನಿಮಗೆ ಕಾಲಾದ್ರೂ ನೆಟ್ಟಗಿವೆ!