ಮೇಜಿನ ಆಚೆ ಬದಿ

ತೊಂದರೆ ಶುರುವಾದದ್ದು ಒಂದು ಚೀಟಿಯಿಂದ. ‘ಹಾಡು ಹಾಕಲು ಮಹಿಳೆಯರೂ ಮುಂದೆ ಬರಬೇಕು’ ಎಂದು ಬರೆದು ಗಡಿಯಾರ ರಿಪೇರಿಯವನು ಜೋಡಿಯಾಗಿ ಕುಣಿಯುವ ಸ್ವಿಂಗ್ ಡಾನ್ಸ್ ಕ್ಲಬ್ಬಿನ ಬಾಗಿಲಿಗೆ ಅಂಟಿಸಿದ. ಓದಿದವರೆಲ್ಲ ಎಂಥ ದೊಡ್ಡ ಮನಸ್ಸು ಎಂದರು. ಮನಸ್ಸು ಅಷ್ಟೇನೂ ದೊಡ್ಡದಲ್ಲ. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಡಿಜೆ ಮೇಜಿನ ಹಿಂದೆ ನಿಂತು ಎಲ್ಲರನ್ನೂ ಕುಣಿಸಿದವನು ಅಲ್ಲಿಗೆ ತಪ್ಪದೆ ಬರುತ್ತಿದ್ದ ಲೈಬ್ರರಿಯಾಕೆಯ ಜೊತೆ ಒಂದೇ ಒಂದು ಹಾಡಿಗೂ ಕುಣಿದಿರಲಿಲ್ಲ. ಈಗ ಆಕೆಗೆ ಬೇರೆ ಊರಿಗೆ ವರ್ಗವಾಗಿತ್ತು. ಇದೇ ಕೊನೆಯ ಭಾನುವಾರ.

ಮೊದಲು ಬೇಕರಿಯವಳನ್ನು ಹಿಡಿದ.

"ಏನೂ ಕಷ್ಟ ಇಲ್ಲ. ಮಷೀನ್ ನೋಡ್ಬೇಡಿ, ಕುಣಿಯೋರ ಕಾಲು ನೋಡಿ. ಸುಸ್ತಾದ್ರೆ ನಿಧಾನದ್ದು, ಗೋಡೆಗೆ ಅಂಟ್ಕೊಂಡ್ರೆ ಜೋರಿಂದು."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಅಷ್ಟರಲ್ಲೇ ಸಲಹೆಗಾರರು ಬೆಲ್ಲಕ್ಕೆ ಇರುವೆಯಂತೆ ಮುತ್ತಿದರು.

"ನನ್ನ ಮಂಡಿ ನೆನಪಿರ್ಲಮ್ಮ, ಜೋರಿಂದು ಬೇಡ," ಎಂದರು ನಿವೃತ್ತ ಡ್ರಿಲ್ ಮೇಷ್ಟ್ರು.

"ನಿಧಾನದ್ದು ಹಾಕಿದ್ರೆ ನಾನು ಮನೆಗೆ ಹೋಗ್ತೀನಿ," ಎಂದಳು ಅವರ ಹೆಂಡತಿ.

"ಆ ಗುಂಡಿ ಮಾತ್ರ ಮುಟ್ಬೇಡಿ," ಎಂದ ಕ್ಲಬ್ಬಿನ ವಾಚ್‌ಮನ್. ಯಾವ ಗುಂಡಿ ಎಂದು ಹೇಳಲಿಲ್ಲ.

ಬೇಕರಿಯವಳು ಹೆಡ್‌ಫೋನ್ ಕಳಚಿಟ್ಟಳು. "ಇದಕ್ಕಿಂತ ನನ್ನ ಒಲೆನೇ ತಣ್ಣಗಿದೆ."

ಇನ್ನು ಉಳಿದದ್ದು ಒಂದು ಗಂಟೆ. ಗಡಿಯಾರದವನು ಕೈಲಾಗದೆ ಸ್ಟೂಲ್ ಹತ್ತಿ ಭಾಷಣ ಬಿಗಿದ. ಹೆಂಗಸರು ಹಾಕಿದ ಹಾಡಿಗೆ ಕುಣಿಯದ ಕಾಲು ಕಾಲೇ ಅಲ್ಲ ಎಂದ. ನಾಲ್ಕು ವರ್ಷ ಈ ಜಾಗಕ್ಕೆ ಅಂಟಿಕೊಂಡದ್ದು ತನ್ನದೇ ತಪ್ಪು ಎಂದ. ಮೇಷ್ಟ್ರು ಕಣ್ಣೊರೆಸಿಕೊಂಡರು.

ಹಿಂದಿನಿಂದ ಒಂದು ಕೈ ಎದ್ದಿತು. ಲೈಬ್ರರಿಯಾಕೆಯದು.

"ಯಾರಾದ್ರೂ ಹೀಗೆ ಕರೀಲಿ ಅಂತ ಎಷ್ಟು ದಿನದಿಂದ ಕಾಯ್ತಿದ್ದೆ."

ಸ್ಟೂಲಿನಿಂದ ಇಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಸಲಹೆಗಾರರು ಮತ್ತೆ ಮುತ್ತಿದರು. ಆಕೆ ಲೈಬ್ರರಿಯಲ್ಲಿ ಮಾಡುವಂತೆ ತುಟಿಯ ಮೇಲೆ ಬೆರಳಿಟ್ಟಳು, ಎಲ್ಲರೂ ತೆಪ್ಪಗಾದರು. ಆಮೇಲೆ ಬಂದ ಹಾಡುಗಳಿಗೆ ಮೇಷ್ಟ್ರ ಮಂಡಿಯೂ ಕುಣಿಯಿತು. ಗಡಿಯಾರದವನು ಮೇಜಿನ ಕಡೆ ನೋಡುತ್ತ ಬೇಕರಿಯವಳ ಕಾಲು ತುಳಿದ. ಎರಡನೆಯ ಸಲ ತುಳಿದಾಗ ಅವಳು ಕ್ಷಮಿಸಲಿಲ್ಲ.

ಹೋಗಲಿ, ಮುಂದಿನ ವಾರ ಮೇಜು ಮತ್ತೆ ತನ್ನದೇ. ಆಕೆಯೇ ಇಲ್ಲದ ಮೇಲೆ ಯಾವ ಬದಿಯಲ್ಲಿ ನಿಂತರೇನು ಎಂದುಕೊಂಡ.

ಕೊನೆಯ ಹಾಡು ಮುಗಿದದ್ದೇ ಆಕೆ ಹೆಡ್‌ಫೋನ್ ಕೊರಳಿಗೆ ಇಳಿಸಿ ನೇರವಾಗಿ ಅವನ ಬಳಿ ಬಂದಳು. ಮುಖ ಅರಳಿತ್ತು.

"ವರ್ಗ ಬೇಡ ಅಂತ ನಾಳೆನೇ ಬರೆದುಕೊಡ್ತೀನಿ. ನಾನು ಇಲ್ಲೇ ಇರ್ತೀನಿ."

ಅವನ ಎದೆ ಹಿಗ್ಗಿತು.

"ನಿಮ್ಮಿಂದಲೇ ಆಗಿದ್ದು ಇದು," ಎಂದು ಆಕೆ ಅವನ ಕೈ ಕುಲುಕಿದಳು. "ಇನ್ಮೇಲೆ ಪ್ರತಿ ಭಾನುವಾರ ಹಾಡು ಹಾಕೋದು ನಾನೇ. ನೀವು ಆರಾಮಾಗಿ ಕುಣ್ಕೊಳ್ಳಿ."