ಹಗ್ಗ ಕಟ್ಟಿದ್ದು ಕಾರಿನ ಹಿಂದಕ್ಕೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಅರಕಲಗೂಡಿನ ಒಬ್ಬ ಕ್ಷೌರದಂಗಡಿಯವರು. ಯಾವುದೋ ಕೆಲಸಕ್ಕೆಂದು ಆ ಊರಿಗೆ ಬಸ್ಸಿನಲ್ಲಿ ಹೋಗಿದ್ದೆ. ಕಾರಿದ್ದವನು ಬಸ್ಸಿನಲ್ಲಿ ಏಕೆ ಹೋದೆ ಎಂದು ಕೇಳಬೇಡಿ. ವಾಪಸು ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಗಡ್ಡ ಮಾಡಿಸಲು ಕೂತೆ. ಅವರು ನೊರೆ ಹಚ್ಚುತ್ತಾ ಮಾತು ತೆಗೆದರು.

"ಒಳೆನರಸೀಪುರದಾಗೆ ಒಬ್ರು ಅವ್ರಂತೆ ಸಾ. ಕಾರು ಮಡಗವ್ರೆ. ಅದು ಕೆಟ್ಟೋಯ್ತು ಅಂತ ಬ್ಯಾಟ್ರಿ ಸ್ಕೂಟರ್‌ಗೆ ಹಗ್ಗ ಕಟ್ಟಿ ಮನೆಗಂಟ ಎಳಿಸ್ಕೊಂಡು ಬಂದ್ರಂತೆ. ಎಂಡ್ರೂ ಸ್ಕೂಟರ್ ಮ್ಯಾಲೆ ಕುಂತಿದ್ರಂತೆ."

ಆ ಒಬ್ಬರು ನಾನೇ. ಹಾಗಲ್ಲ ನಡೆದದ್ದು ಎಂದು ಹೇಳೋಣವೆಂದರೆ ಕತ್ತಿ ಆಗಲೇ ಗಂಟಲ ಮೇಲೆ ಬಂದಿತ್ತು. ಕಥೆ ಮುಗಿಯಿತು, ಗಡ್ಡವೂ ಮುಗಿಯಿತು, ಬಸ್ಸೂ ಬಂತು.

ಗಾಡಿ ಇಟ್ಟವರ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಅದಕ್ಕೆ ನನ್ನ ತಕರಾರಿಲ್ಲ. ನಡೆದದ್ದನ್ನು ತಲೆಕೆಳಗು ಮಾಡಿ ತಾಲ್ಲೂಕಿನಾಚೆಗೂ ಹಂಚಿದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ತವರು ಬಿಟ್ಟದ್ದು

ಹೊಳೆನರಸೀಪುರದಲ್ಲಿ ನನ್ನದು ಪೂಜಾಸಾಮಾನಿನ ಅಂಗಡಿ. ಊರಿನ ಅರ್ಧ ಗಾಡಿಗಳ ಆಯುಧಪೂಜೆಗೆ ನಿಂಬೆಹಣ್ಣು, ಕರ್ಪೂರ, ಬೂದುಗುಂಬಳ ಕೊಟ್ಟವನು ನಾನು. ಅವೆಲ್ಲ ಚೆನ್ನಾಗಿಯೇ ಓಡುತ್ತವೆ.

ತೊಂಬತ್ತರ ದಶಕ ಮುಗಿಯುವ ಕಾಲಕ್ಕೆ ಚನ್ನರಾಯಪಟ್ಟಣದ ಒಬ್ಬ ನಿವೃತ್ತ ಹೆಡ್‌ಮಾಸ್ಟರ ಬಳಿ ಒಂದು ಹಳೆಯ ಕಾರು ಕೊಂಡೆ. "ಮನೆಮಗಳ ಹಾಗೆ ಸಾಕಿದ್ದೀನಿ ಸ್ವಾಮಿ, ಒಂದು ದಿನ ಕೈಕೊಟ್ಟಿಲ್ಲ" ಎಂದರು. ಮೇಷ್ಟರ ಮಾತು ಎಂದು ನಂಬಿದೆ. ಅವರ ಹೆಂಡತಿ ಕಾರಿಗೆ ಅರಿಶಿನ ಕುಂಕುಮ ಇಟ್ಟು, ಮುಂದಿನ ಸೀಟಿನ ಮೇಲೆ ಅಕ್ಕಿ, ಬೆಲ್ಲ, ಕೊಬ್ಬರಿ ಇಟ್ಟು ಮಡಿಲು ತುಂಬಿ ಕಳಿಸಿದರು. ಸೆರಗಿನಲ್ಲಿ ಕಣ್ಣನ್ನೂ ಒರೆಸಿಕೊಂಡರು.

ಕಾರು ಅವರ ಬೀದಿಯ ತಿರುವಿನವರೆಗೆ ಹೋಗಿ ನಿಂತಿತು.

ಮೇಷ್ಟರ ಹೆಂಡತಿ ಬಾಗಿಲಿನಿಂದಲೇ, "ಪಾಪ, ಹುಟ್ಟಿದ ಮನೆ ಬಿಟ್ಟು ಹೋಗೋಕೆ ಅದಕ್ಕೂ ಸಂಕಟ ಆಗಲ್ವಾ" ಎಂದರು.

ಆಮೇಲೆ ಗೊತ್ತಾಯಿತು, ಅದಕ್ಕೆ ಯಾರ ಮನೆ ಬಿಡುವಾಗಲೂ ಅದೇ ಸಂಕಟ.

ಇದೇನು, ಮನೆಯಾ?

ಒಂದು ವರ್ಷ ಹೀಗೇ ಕಳೆಯಿತು. ನನ್ನ ನಾದಿನಿಯ ಮೊಮ್ಮಗುವಿಗೆ ಅರಕಲಗೂಡಿನಲ್ಲಿ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನನ್ನ ಹೆಂಡತಿ. ರೇಷ್ಮೆಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅರ್ಧ ದಾರಿಯಲ್ಲಿ ಕಾರು ನಿಂತಿತು. ನಾನು ಯಾರಾದರೂ ರಿಪೇರಿಯವರು ಸಿಕ್ಕಾರೆಯೇ ಎಂದು ನಡೆದು ಹೋದೆ. ಆ ಹಿಂದಿನ ಬಾಗಿಲುಗಳು ಒಳಗಿನಿಂದ ತೆಗೆಯಲು ಬಾರವು, ಹೊರಗಿನಿಂದಲೇ ತೆಗೆಯಬೇಕು ಎಂಬುದು ಆ ಗಾಬರಿಯಲ್ಲಿ ನನಗೆ ನೆನಪಾಗಲಿಲ್ಲ.

ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಆ ದಾರಿಯಲ್ಲಿ ಬಂದಳಂತೆ. ಮುಂದಿನದು ನನ್ನ ಹೆಂಡತಿ ಹೇಳಿದ್ದು.

"ಯಾಕವ್ವಾ, ಈ ಬಿಸಿಲಾಗೆ ಒಳಗೇ ಕುಂತಿದ್ದೀ?"

"ಬಾಗಿಲು ತೆಗೆಯೋಕೆ ಬರಲ್ಲ."

"ಗಾಡಿ ಓಯ್ತದಾ?"

"ಅದೂ ಇಲ್ಲ."

"ಓಗೂದಿಲ್ಲ, ಇಳಿಯಾಕೂ ಆಗೂದಿಲ್ಲ. ಇದೇನವ್ವಾ, ಮನೆಯಾ?"

ನಾವು ಅರಕಲಗೂಡು ಸೇರುವ ಹೊತ್ತಿಗೆ ಮಗುವಿಗೆ ಇನ್ನೊಬ್ಬರು ಹೆಸರಿಟ್ಟಿದ್ದರು. ಮನೆಗೆ ಬಂದವಳು ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ದೀಪದ ಮುಂದೆ ನಿಂತು ಹೇಳಿದಳು. "ಈ ಗಾಡಿ ದಾರೀಲಿ ಒಂದು ಸಲವೂ ನಿಲ್ಲದೆ ನಮ್ಮನೆ ಬಾಗಿಲಿಗೆ ಬರೋದನ್ನ ನನ್ನ ಕಣ್ಣಾರೆ ನೋಡೋವರೆಗೂ ಇದರೊಳಗೆ ಕಾಲಿಡಲ್ಲ."

ನಾನು ಎರಡು ಹೊತ್ತು ದೇವರ ಮುಂದೆ ಕೂರುವವನು. ದೀಪದ ಮುಂದೆ ಆಡಿದ ಮಾತನ್ನು ಮುರಿ ಎಂದು ಹೆಂಡತಿಗೆ ಹೇಳಲಾರೆ. ಆದರೂ ನ್ಯಾಯ ಕೇಳಿದೆ. "ಒಳಗೆ ಕೂರದೆ ದಾರಿಯುದ್ದಕ್ಕೂ ಹೇಗೆ ನೋಡ್ತೀಯೆ?"

"ಅದು ನಿಮಗೆ ಬಿಟ್ಟದ್ದು" ಎಂದಳು.

ಎಂಟು ವರ್ಷ ಅದು ನನಗೇ ಬಿಟ್ಟದ್ದಾಗಿತ್ತು. ಅವಳು ಬಸ್ಸಿನಲ್ಲಿ, ನಾನು ಕಾರಿನಲ್ಲಿ. ಎಲ್ಲ ಶುಭಕಾರ್ಯಕ್ಕೂ ಅವಳೇ ಮೊದಲು ತಲುಪುತ್ತಿದ್ದಳು. "ಯಜಮಾನರು ಎಲ್ಲಮ್ಮಾ?" ಎಂದು ಯಾರಾದರೂ ಕೇಳಿದರೆ, "ಕಾರಲ್ಲಿ ಹೊರಟಿದ್ದಾರೆ, ನಾಳೆ ಬೆಳಿಗ್ಗೆಗೆ ಬರಬಹುದು" ಎನ್ನುತ್ತಿದ್ದಳು.

ಮೆಕ್ಯಾನಿಕ್ಕಿನ ಮುಖ

ಹಾಸನದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅವನ ಶೆಡ್ಡಿಗೆ ಹೋದರೆ ಸಾಕು, ನಮ್ಮ ಕಾರು ಸಾಧುವಾಗುತ್ತಿತ್ತು. ಒಂದೇ ಸಲಕ್ಕೆ ಸ್ಟಾರ್ಟು.

"ಗಾಡಿ ಚೆನ್ನಾಗದೆ ಸಾ. ನೀವು ಓಡ್ಸದು ಸರಿಯಿಲ್ಲ" ಎಂದ.

ನನಗೆ ರೇಗಿತು. "ಹಾಗಾದರೆ ಪಕ್ಕದಲ್ಲಿ ಕೂತು ನೋಡಯ್ಯ" ಎಂದು ಕೂರಿಸಿಕೊಂಡು ಹೊಳೆನರಸೀಪುರದ ಕಡೆ ಹೊರಟೆ. ದಾರಿಯಲ್ಲಿ ಸಿಗುವ ಮೊಸಳೆ ಎಂಬ ಊರಿನವರೆಗೆ ಕಾರು ಬೆಣ್ಣೆಯ ಹಾಗೆ ಬಂತು. "ನೋಡಿದ್ರಾ" ಎಂದು ಅವನು ಇಳಿದು ಹಾಸನದ ಬಸ್ಸಿಗೆ ಕಾದು ನಿಂತ. ನಾನು ನೂರು ಮಾರು ಹೋಗಿರಬೇಕು, ಕಾರು ನಿಂತಿತು. ಅವನು ನಡೆದು ಬಂದ. ಏನನ್ನೂ ಮುಟ್ಟಲಿಲ್ಲ, ಬಾನೆಟ್ಟಿನ ಮೇಲೆ ಕೈ ಇಟ್ಟ, ಅಷ್ಟೆ. ಹೊರಟಿತು. ಅವನು ಹಿಂದಕ್ಕೆ ಹೋದ, ಮತ್ತೆ ನಿಂತಿತು.

ಮೂರನೆಯ ಸಲ ಬಂದವನು ಬೇಜಾರಿನಿಂದ ಹೇಳಿದ. "ಸಾ, ನಂಗೂ ಎಂಡ್ರು ಮಕ್ಕಳವ್ರೆ. ಎಷ್ಟು ದೂರ ಅಂತ ಬರಾನ?"

ಇದನ್ನು ಮನೆಯಲ್ಲಿ ಹೇಳಿದ್ದು ನನ್ನ ತಪ್ಪು. ಹೆಂಡತಿ ಹೂ ಕಟ್ಟುತ್ತಾ ತಲೆ ಎತ್ತದೆ, "ಕಾರಲ್ಲಿ ನರಸಿಂಹಸ್ವಾಮಿ ಪಟ ಇದೆಯಲ್ಲ, ಅದರ ಪಕ್ಕ ಆ ಹುಡುಗಂದೂ ಒಂದು ಫೋಟೋ ಇಡಿ" ಎಂದಳು.

ರೈಲು ಮಾನ ಉಳಿಸಿದ್ದು

ಅವಳ ತಮ್ಮ, ಅಂದರೆ ನನ್ನ ಬಾಮೈದ, ನಮ್ಮ ಬೀದಿಯ ಕೊನೆಯಲ್ಲೇ ಇದ್ದಾನೆ. ಹೈಸ್ಕೂಲಿನಲ್ಲಿ ಗುಮಾಸ್ತ. ಒಮ್ಮೆ ಅವಳನ್ನು ಒಪ್ಪಿಸಿದೆ. ಅವಳ ಕಣ್ಣಿನ ಬದಲು ತಮ್ಮನ ಕಣ್ಣು. ಅವನು ಹಾಸನದಿಂದ ನನ್ನ ಜೊತೆ ಕಾರಿನಲ್ಲಿ ಬಂದು ಸಾಕ್ಷಿ ಹೇಳಬೇಕು.

ಆವತ್ತು ಕಾರಿಗೆ ಏನು ಒಳ್ಳೆಯ ಬುದ್ಧಿ ಬಂದಿತ್ತೋ, ಒಂದೇ ಸಮನೆ ಬಂತು. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ನಿಲ್ಲಿಸಿದೆ. ಇಂಜಿನ್ ಆರಿಸಲಿಲ್ಲ, ಅಂಥ ಧೈರ್ಯ ನನಗಿಲ್ಲ. ರೈಲು ಹೋಯಿತು, ಗೇಟು ತೆಗೆದರು, ಮನೆಗೆ ಬಂದೆವು.

"ಎಲ್ಲಾದರೂ ನಿಂತಿತೇನೋ?" ಎಂದು ಅಕ್ಕ ಕೇಳಿದಳು.

"ಗೇಟಲ್ಲಿ ನಿಂತಿತ್ತಕ್ಕ" ಎಂದ ಸತ್ಯಸಂಧ.

"ಅದು ರೈಲಿಗಾಗಿ ನಿಲ್ಲಿಸಿದ್ದು ಕಣೆ. ಊರಿಗೂರೇ ನಿಂತಿತ್ತು" ಎಂದೆ.

"ರೈಲು ಬರದೆ ಹೋಗಿದ್ರೂ ಅದು ಅಲ್ಲಿ ನಿಲ್ತಿರಲಿಲ್ಲ ಅಂತ ನಿಮಗೆ ಹೇಗ್ರೀ ಗೊತ್ತು? ರೈಲು ಬಂದು ನಿಮ್ಮ ಮಾನ ಉಳಿಸಿತು."



ಎಣ್ಣೆಯ ದೀಪ

ಎರಡು ಸಾವಿರದ ಏಳೋ ಎಂಟೋ ಇರಬೇಕು, ಬಾಮೈದ ಬ್ಯಾಟರಿ ಸ್ಕೂಟರ್ ತಂದ. ಪೆಟ್ರೋಲು ಬೇಡ, ಲೈಸೆನ್ಸು ಬೇಡ, ಸದ್ದಿಲ್ಲ, ಹೊಗೆಯಿಲ್ಲ. ದಿನಾ ನನ್ನ ಕಾರಿನ ಮುಂದೆ ನಿಲ್ಲಿಸಿ ಇದನ್ನೇ ಹಾಡುತ್ತಿದ್ದ. ಸದ್ದಿಲ್ಲದ್ದು ಏನು ದೊಡ್ಡ ಗುಣ? ಎದುರುಮನೆಯಾಕೆ ರಂಗೋಲಿ ಇಡುತ್ತಿದ್ದವರು ಬೆನ್ನ ಹಿಂದೆ ಸ್ಕೂಟರ್ ಬಂದದ್ದು ತಿಳಿಯದೆ ಹೌಹಾರಿ ರಂಗೋಲಿ ಬಟ್ಟಲನ್ನು ಅವನ ತಲೆಯ ಮೇಲೇ ಸುರಿದರು.

ಅದಕ್ಕಿಂತ ದೊಡ್ಡ ಕಾಟ ಕರೆಂಟಿನದು. ಊರಲ್ಲಿ ಕರೆಂಟು ಇರುವುದೇ ಅಷ್ಟಿಷ್ಟು. ಅವನು ಯಾರ ಮನೆಗೆ ಹೋದರೂ ನೀರು ಬೆಲ್ಲ ಕೊಡುವ ಮೊದಲೇ "ಪ್ಲಗ್ಗು ಎಲ್ಲಿದೆ?" ಎನ್ನುತ್ತಿದ್ದ.

ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮಂಟಪದ ಸುತ್ತ ಬಣ್ಣದ ದೀಪಗಳ ಸೀರಿಯಲ್ ಸೆಟ್ಟು ಹಾಕಿಸಿದ್ದೆ. ಪುರೋಹಿತರು ಕಥೆಯ ಮೂರನೆಯ ಅಧ್ಯಾಯದಲ್ಲಿದ್ದರು. ಇದ್ದಕ್ಕಿದ್ದಂತೆ ಮಂಟಪ ಕತ್ತಲಾಯಿತು. ಕರೆಂಟು ಹೋಯಿತೇ ಎಂದು ನೋಡಿದರೆ ಫ್ಯಾನು ತಿರುಗುತ್ತಿದೆ. ಬಾಮೈದ ಸೀರಿಯಲ್ ಸೆಟ್ಟಿನ ವೈರು ಕಿತ್ತು ಸ್ಕೂಟರಿನದನ್ನು ಸಿಕ್ಕಿಸಿದ್ದ.

"ಏನಯ್ಯ ಇದು, ದೇವರ ದೀಪ ಕಿತ್ತೆಯಲ್ಲ?" ಎಂದೆ.

"ದೇವರಿಗೆ ಎಣ್ಣೆ ದೀಪ ಇದೆಯಲ್ಲ ಭಾವ. ನನ್ನ ಗಾಡಿ ಎಣ್ಣೇಲಿ ಓಡಲ್ಲ."

ಪುರೋಹಿತರು ಕಥೆಯ ನಡುವೆಯೇ ನಕ್ಕುಬಿಟ್ಟರು. ನನ್ನ ಹೆಂಡತಿಯೂ ನಕ್ಕಳು. ತಮ್ಮನ ಗಾಡಿಯೆಂದರೆ ಅವಳಿಗೆ ಎಲ್ಲವೂ ಚೆಂದ.

ಹಗ್ಗ

ಈಗ ನಿಜವಾಗಿ ನಡೆದದ್ದು. ಹರದನಹಳ್ಳಿಯ ನೆಂಟರ ಮನೆಯಲ್ಲಿ ಸೀಮಂತ. ನನ್ನ ಹೆಂಡತಿ ತಮ್ಮನ ಸ್ಕೂಟರಿನ ಹಿಂದೆ ಕೂತು ಹೋದಳು. ನಾನು ಬಾಳೆಗೊನೆ, ಎಲೆಕಟ್ಟು ತುಂಬಿಕೊಂಡು ಕಾರಿನಲ್ಲಿ ಒಬ್ಬನೇ ಹೋದೆ. ಅಂದು ಆ ಊರಲ್ಲಿ ಬೆಳಗಿನಿಂದ ಕರೆಂಟಿಲ್ಲ. ಬಾಮೈದ ವೈರು ಹಿಡಿದುಕೊಂಡು ಮನೆಮನೆ ತಿರುಗಿ ಬರಿಗೈಲಿ ಬಂದ.

ಸಂಜೆ ಅವರು ಮೊದಲು ಹೊರಟರು. ನಾನು ಹಿಂದೆ ಬಂದು ನೋಡಿದರೆ ಊರಾಚೆ ರಸ್ತೆ ಬದಿಯಲ್ಲಿ ಅಕ್ಕ ತಮ್ಮ ನಿಂತಿದ್ದಾರೆ. ಸ್ಕೂಟರ್ ಸದ್ದಿಲ್ಲದೆ ನಿಂತುಹೋಗಿತ್ತಂತೆ. ನಮ್ಮ ಕಾರು ಹಾಗಲ್ಲ. ನಿಲ್ಲುವ ಮೊದಲು ನಾಲ್ಕು ಸಲ ಕೆಮ್ಮಿ, ಹೇಳಿಯೇ ನಿಲ್ಲುತ್ತದೆ. ಅಷ್ಟು ಮರ್ಯಾದೆ ಅದಕ್ಕಿದೆ.

"ಕಾರು ಹತ್ತು" ಎಂದೆ.

"ಹತ್ತಲ್ಲ. ದೀಪದ ಮುಂದೆ ಆಡಿದ ಮಾತು" ಎಂದಳು.

ಡಿಕ್ಕಿಯಲ್ಲಿ ಹಗ್ಗವಿತ್ತು. ಎಂಟು ವರ್ಷದಿಂದಲೂ ಇತ್ತು. ಅದನ್ನು ಕಾರಿನ ಮುಂಭಾಗಕ್ಕೆ ಕಟ್ಟಿದ್ದೇ ಕಟ್ಟಿದ್ದು. ಹಿಂಭಾಗಕ್ಕೆ ಕಟ್ಟಿದ್ದು ಅದೇ ಮೊದಲು. ಇನ್ನೊಂದು ತುದಿ ಸ್ಕೂಟರಿಗೆ. ಬಾಮೈದ ಹ್ಯಾಂಡಲ್ ಹಿಡಿದ. ಅವಳು ಹಿಂದೆ ಕೂತಳು. ಆಗ ನನಗೆ ಹೊಳೆಯಿತು. ಇವಳು ಈಗ ಕಾರಿನೊಳಗೆ ಇಲ್ಲ, ಆದರೆ ಕಾರನ್ನು ಮನೆಯವರೆಗೂ ಕಣ್ಣಾರೆ ನೋಡುತ್ತಲೇ ಬರುತ್ತಾಳೆ. ಎಂಟು ವರ್ಷದಲ್ಲಿ ಇಂಥ ಅವಕಾಶ ಬಂದಿರಲಿಲ್ಲ. ನರಸಿಂಹಸ್ವಾಮಿಯನ್ನು ನೆನೆದು ಮೊದಲನೇ ಗೇರು ಹಾಕಿದೆ.

ಎತ್ತಿನ ಗಾಡಿಯ ವೇಗದಲ್ಲಿ ಹೊರಟಿತು. ಎಮ್ಮೆಗಳು ಅಡ್ಡ ಬಂದವು, ನಿಲ್ಲಲಿಲ್ಲ. ಹಂಪು ಬಂತು, ನಿಲ್ಲಲಿಲ್ಲ. ಕೆಮ್ಮು ಕೂಡ ಇಲ್ಲ. ಊರು ಬಂತು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಊರ ಬಾಗಿಲ ಟೀ ಅಂಗಡಿಯ ಮುಂದೆ ಏಳೆಂಟು ಜನ ಕೂತಿದ್ದರು. ನನ್ನ ಕಾರಿನ ಗುರುತು ಅವರಿಗೆ ಚೆನ್ನಾಗಿಯೇ ಇದೆ.

"ಏಳ್ರಲಾ, ಪೂಜೆ ಸಾಮಾನಿನ ಅಂಗ್ಡಿ ಸಾ ಅವ್ರ ಕಾರು ಕಣ್ಲಾ. ಪಾಪ, ಸ್ಕೂಟರ್ ಕೈಲಿ ಎಳಿಸ್ಕಂಡು ಬತ್ತಾವ್ರೆ."

ಎಲ್ಲರೂ ಎದ್ದು ಬಂದು ಡಿಕ್ಕಿಗೆ ಕೈ ಕೊಟ್ಟರು. ಒಬ್ಬ ಕಿಟಕಿಯ ಪಕ್ಕ ಓಡುತ್ತಾ ನನಗೆ ಬುದ್ಧಿ ಹೇಳಿದ. "ಸಾ, ಹಗ್ಗ ಉಲ್ಟಾ ಕಟ್ಬುಟ್ಟಿದ್ದೀರ. ಸ್ಕೂಟರ್ ಮುಂದ್ಕಿರ್ಬೇಕು. ಇಂದ್ಕಿದ್ರೆ ಎಂಗೆ ಎಳೆದಾತು?"

"ಬಿಡ್ರಪ್ಪ, ಇಂಜಿನ್ ಓಡ್ತಾ ಇದೆ" ಎಂದೆ.

"ಓಡ್ತಾ ಅದಂತೆ ಕಣ್ಲಾ. ಇನ್ನೊಂಚೂರು ತಳ್ರಿ, ಎತ್ಕತ್ತದೆ."

ಬ್ರೇಕು ಹಾಕಿದರೆ ಅವಳ ಮಾತಿನ ಪ್ರಕಾರ ಕಾರು ನಿಂತಂತೆ. ಹಾಕದಿದ್ದರೆ ಮಾನ ಹೋದಂತೆ. ನಾನು ಬ್ರೇಕು ಹಾಕಲಿಲ್ಲ. ಪೇಟೆಬೀದಿಯ ಉದ್ದಕ್ಕೂ, ನನ್ನ ಅಂಗಡಿಯ ಮುಂದೆಯೂ, ಓಡುವ ಕಾರನ್ನು ಎಂಟು ಜನ ತಳ್ಳಿದರು. ಇದು ಎಲ್ಲಾದರೂ ಉಂಟೇ? ಬಾಮೈದ ಒಂದು ಮಾತು ಹೇಳಬಹುದಿತ್ತು. ಅವನು ಜನರಿಗೆ ಕೈ ಬೀಸುತ್ತಾ ಬಂದ.

ಮನೆ ಬಾಗಿಲಲ್ಲಿ ನಿಲ್ಲಿಸಿ, ಇಳಿದು, ಹೆಂಡತಿಯ ಮುಂದೆ ನಿಂತೆ. "ಕಣ್ಣಾರೆ ನೋಡಿದೆಯಲ್ಲ. ಎಲ್ಲೂ ನಿಲ್ಲಲಿಲ್ಲ."

ಅವಳು ಸೀರೆಯ ಧೂಳು ಕೊಡವಿಕೊಂಡು, "ನೋಡಿದೆ. ಎಂಟು ಜನ ತಳ್ಳಿದ್ರೆ ನಮ್ಮನೆ ಒರಳುಕಲ್ಲೂ ನಿಲ್ಲದೆ ಬರ್ತಿತ್ತು" ಎಂದು ಒಳಗೆ ಹೋದಳು.

ಅದಕ್ಕೇ ಓದಿದವರಲ್ಲಿ ನನ್ನದೊಂದು ಬೇಡಿಕೆ. ಎಳೆದದ್ದು ಕಾರು, ಎಳೆಸಿಕೊಂಡದ್ದು ಸ್ಕೂಟರ್. ಟೀ ಅಂಗಡಿಯವರು ಬರುವ ಮೊದಲೇ ಕಾರು ಅಷ್ಟು ದೂರ ತಾನಾಗಿ ಬಂದಿತ್ತು. ಇದನ್ನು ನೀವು ನಾಲ್ಕು ಜನಕ್ಕೆ ಹೇಳಿ, ಆ ನಾಲ್ವರಿಗೂ ಹೇಳಲು ಹೇಳಿ. ಅರಕಲಗೂಡಿಗೆ ಹೋದವರು ದಯವಿಟ್ಟು ಗಡ್ಡ ಮಾಡಿಸಿಕೊಳ್ಳುವ ಮೊದಲೇ ಹೇಳಿಬಿಡಿ. ಹಾಗೆ ಬಾಯಿಂದ ಬಾಯಿಗೆ ಸುತ್ತಿ ಯಾವತ್ತಾದರೂ ಹೊರಗಿನವರಿಂದ ನಮ್ಮ ಮನೆಯವಳ ಕಿವಿಗೆ ಬಿದ್ದರೆ ನಂಬಿಯಾಳು. ಅವಳು ಇನ್ನೂ ಬಸ್ಸಿನಲ್ಲೇ ಓಡಾಡುತ್ತಿದ್ದಾಳೆ.