ದಳಪತಿಯ ಬರಿ ಎದೆ

ಗ್ರುಂಡೆನ್‌ಫೆಲ್ಸ್ ಪಟ್ಟಣದ ದಳಪತಿ ಕಾಳಗದಲ್ಲಿ ಸಾಯುವುದಕ್ಕೆ ನಗರಸಭೆಯ ಆಕ್ಷೇಪಣೆ ಇರಲಿಲ್ಲ. ಚೆನ್ನಾಗಿ ಕಾಣದೆ ಸಾಯಕೂಡದು ಎಂಬುದಷ್ಟೇ ೧೫೪೩ನೆಯ ಇಸವಿಯ ಠರಾವು. ಅದನ್ನು ಬರೆದುಕೊಂಡ ಗುಮಾಸ್ತ ನಾನೇ.

ಆ ವರ್ಷ ಡ್ಯೂಕ್ ಮಹಾಶಯರು ಮೆರವಣಿಗೆ ನೋಡಲು ಬರುವವರಿದ್ದರು. ಕವಚದ ಕಮ್ಮಾರ ಲೀನ್‌ಹಾರ್ಟ್, ದಳಪತಿ ಉರ್ಬಾನನಿಗೆಂದು ಹೊಸ ಕವಚ ಬಡಿದು ತಂದ. ಮೊಟ್ಟೆಯಂಥ ನುಣುಪು, ಎಲ್ಲಿ ಬಾಣ ಬಿದ್ದರೂ ಜಾರಿಹೋಗಬೇಕು. ನಗರಸಭೆಯ ಶೋಭಾ ಸಮಿತಿಯ ಅಧ್ಯಕ್ಷ ಸೆಬಾಲ್ಡ್ ರೋಟ್ಮುಂಡರು ಅದಕ್ಕೆ ಮೂರು ಸುತ್ತು ಬಂದರು.

“ಇದರಲ್ಲಿ ಸಿಂಹ ಎಲ್ಲಯ್ಯಾ?”

“ಇಲ್ಲ ಸ್ವಾಮಿ. ಉಬ್ಬುಚಿತ್ರ ಇದ್ರೆ ಈಟಿ ತುದಿ ಅಲ್ಲೇ ಸಿಕ್ಕಿಕೊಳ್ಳುತ್ತೆ.”

“ಮತ್ತೆ ಡ್ಯೂಕರ ಕಣ್ಣು ಎಲ್ಲಿ ಸಿಕ್ಕಿಕೊಳ್ಬೇಕು? ಅದು ಹೇಳು.”

ಸಮಿತಿಯು ತಿದ್ದುಪಡಿ ಸೂಚಿಸಿತು: ಭುಜಕ್ಕೊಂದು ಸಿಂಹ, ಶಿರಸ್ತ್ರಾಣಕ್ಕೆ ಒಂದು ಜೊತೆ ರೆಕ್ಕೆ, ಮತ್ತು ಧೈರ್ಯವು ಸಾರ್ವಜನಿಕರಿಗೆ ಕಾಣುವಂತೆ ಎಡ ಎದೆಯಲ್ಲಿ ಒಂದು ಗೇಣು ತೆರಪು.

“ಗುಂಡಿಗೆ ಇರೋದೇ ಅಲ್ಲಲ್ವಾ ಸ್ವಾಮಿ!”

“ಅದಕ್ಕೇ ಅಲ್ಲಿ. ಬೆನ್ನಲ್ಲಿ ಕಿಂಡಿ ಬಿಟ್ರೆ ಯಾವ ಧೈರ್ಯ ಕಾಣುತ್ತೆ?”

ಮೆರವಣಿಗೆಯ ದಿನ ಡ್ಯೂಕರು ಚಪ್ಪಾಳೆ ತಟ್ಟಿದರು. ಕವಚವು ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದು ದಾಖಲಾಯಿತು.

ಮೂರನೆಯ ದಿನ ಬೆಳಿಗ್ಗೆ, ದರೋಡೆಕೋರರು ಕಾಡಿನಾಚೆ ಜಮಾಯಿಸುತ್ತಿದ್ದಾರೆ, ಮಧ್ಯಾಹ್ನ ಬರುವ ಉಪ್ಪಿನ ಗಾಡಿಗಳ ಮೇಲೆ ಬೀಳುತ್ತಾರೆ ಎಂದು ಸುದ್ದಿ ಬಂತು. ಉರ್ಬಾನ್ ತನ್ನ ಹಳೆಯ ಕವಚ ಕೇಳಿದ. ಮಂಜೂರಾಗದ ಉಡುಪಿನಲ್ಲಿ ಊರಬಾಗಿಲು ದಾಟುವಂತಿಲ್ಲ ಎಂದು ಸಮಿತಿ ಉತ್ತರಿಸಿತು. ಅವನ ಹೆಂಡತಿ ಅಪೊಲೋನಿಯಾ ಕುಲುಮೆಗೆ ಓಡಿದಳು.

“ಅಣ್ಣಾ, ಆ ಕಿಂಡಿ ಮುಚ್ಚಿಕೊಡಿ. ಐದು ಮಕ್ಕಳಿದಾವೆ ನಂಗೆ.”

“ಮುಚ್ಚಿದ್ರೆ ಠರಾವು ಮುರಿದ ಹಾಗಾಗುತ್ತಮ್ಮಾ.”

“ಮುಚ್ಚಿದ್ದು ಕಾಣದ ಹಾಗೆ ಮುಚ್ಚಿ.”

ಲೀನ್‌ಹಾರ್ಟ್ ಗಟ್ಟಿ ಕಬ್ಬಿಣದ ತಗಡೊಂದನ್ನು ಒಳಗಿನಿಂದ ಕೂರಿಸಿದ. ಮೈಬಣ್ಣ ಬಳಿದ. ಮೇಲೆ ಒಂದಿಷ್ಟು ಕುದುರೆಕೂದಲು ಅಂಟಿಸಿದ.

ಕಾಳಗ ಕೋಟೆಯೆದುರಿನ ಬಯಲಲ್ಲಿ ನಡೆದು ಅರ್ಧ ಗಂಟೆಯಲ್ಲಿ ಮುಗಿಯಿತು. ದರೋಡೆಕೋರನೊಬ್ಬ ಅಡ್ಡಬಿಲ್ಲಿನಿಂದ ನೇರ ಆ ತೆರಪಿಗೇ ಹೊಡೆದ. ಬಾಣ ಮುರಿದು ಹಿಂದಕ್ಕೆ ಚಿಮ್ಮಿ ಬಿತ್ತು. ಬರಿ ಚರ್ಮಕ್ಕೆ ತಾಗಿ ಬಾಣ ಮುರಿದದ್ದನ್ನು ಕಂಡ ದರೋಡೆಕೋರರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕಾಲ್ಕಿತ್ತರು. ಕೋಟೆಗೋಡೆಯ ಮೇಲಿಂದ ನಗರಸಭೆಯವರೂ ಕಂಡರು.

ಮರುದಿನದ ಠರಾವು: “ಬರಿ ಎದೆಗೆ ಬಾಣ ನಾಟುವುದಿಲ್ಲವೆಂದು ಅನುಭವದಿಂದ ತಿಳಿದುಬಂದಿರುವುದರಿಂದ, ಕಾವಲುಪಡೆಯ ನಲವತ್ತು ಮಂದಿಯೂ ಇನ್ನು ಮುಂದೆ ಎದೆಕವಚ ಧರಿಸತಕ್ಕದ್ದಲ್ಲ.”

ಅದನ್ನು ಕೇಳಿದೊಡನೆ ಲೀನ್‌ಹಾರ್ಟ್ ಕುಲುಮೆ ಬಿಟ್ಟು ಎದ್ದ. ದಳಪತಿಯನ್ನು ಕರೆದುಕೊಂಡು ಸಭೆಗೆ ಬಂದು, ನೆಗ್ಗಿದ ತಗಡನ್ನು ಮೇಜಿನ ಮೇಲಿಟ್ಟ.

“ತಪ್ಪು ನಂದೇ. ಇವರ ಜೀವ ಉಳಿಸಿದ್ದು ಇದು. ಆ ಹುಡುಗರನ್ನ ಹಾಗೇ ಕಳಿಸಿದ್ರೆ ಸತ್ತೇಹೋಗ್ತಾರೆ ಸ್ವಾಮಿ.”

ರೋಟ್ಮುಂಡರು ತಗಡಿನ ಕೂದಲನ್ನು ನೇವರಿಸಿದರು. “ದಳಪತಿಗಳೇ, ಇದು ನಿಮ್ಮ ಎದೆಯೇ?”

“ಅಲ್ಲ ಸ್ವಾಮಿ, ಕಬ್ಬಿಣ.”

“ಕೇಳಿದ್ರಲ್ಲ? ತಮ್ಮ ಎದೆ ಅಲ್ಲ ಅಂತ ಅವರೇ ಹೇಳ್ತಿದಾರೆ. ಹಾಗಾದ್ರೆ ಇದಕ್ಕೂ ಈ ವಿಷಯಕ್ಕೂ ಸಂಬಂಧವಿಲ್ಲ. ಮುಂದಿನದು ಓದಿ.”

ನಾನು ಮುಂದಿನದು ಓದಿದೆ.

ಅಪೊಲೋನಿಯಾ ಮಾತ್ರ ಸುಮ್ಮನೆ ಕೂರಲಿಲ್ಲ. ಸೈನಿಕರ ಹೆಂಡಂದಿರನ್ನೂ ತಾಯಂದಿರನ್ನೂ ಕೂಡಿಸಿಕೊಂಡು ಕುಲುಮೆ ಮುಂದೆ ಸಾಲು ನಿಲ್ಲಿಸಿದಳು.

“ನಮ್ಮೋರಿಗೆ ಬಲಗಡೆ ಮಚ್ಚೆ ಇದೆ, ಮರೀಬೇಡಿ.”

“ಅಣ್ಣಾ, ನಮ್ಮನೆಯವರ ಹೊಟ್ಟೆ ಒಂಚೂರು ಕಮ್ಮಿ ಮಾಡಿ. ಆ ನೆಪದಲ್ಲಾದ್ರೂ ಕರಗಲಿ.”

ಜನವರಿಯ ಹಿಮದಲ್ಲಿ ಪಡೆಯ ತಪಾಸಣೆ ನಡೆಯಿತು. ನಲವತ್ತು ಬರಿ ಎದೆಗಳು, ಒಬ್ಬನೂ ನಡುಗಲಿಲ್ಲ. ರೋಟ್ಮುಂಡರು ಬೆತ್ತದಿಂದ ಒಬ್ಬನ ಎದೆಗೆ ತಟ್ಟಿದರು. ಠಣ್ ಎಂದಿತು. ಪಕ್ಕದವನೂ ಠಣ್ ಎಂದ.

“ಆರೋಗ್ಯ ಚೆನ್ನಾಗಿದೆ. ಬರ್ಕೊಳ್ರೀ.”

ಬರೆದುಕೊಂಡೆ. ಪಟ್ಟಣಕ್ಕೆ ಇನ್ನು ಕವಚದ ಕಮ್ಮಾರನ ಅಗತ್ಯ ಇಲ್ಲದ್ದರಿಂದ ಲೀನ್‌ಹಾರ್ಟ್‌ನ ಹೆಸರನ್ನು ಕಮ್ಮಾರರ ಸಂಘದಿಂದ ಹೊಡೆದುಹಾಕಿ, ಚರ್ಮದ ವಿಷಯದಲ್ಲಿ ಅವನಿಗಿರುವ ಕೈಗುಣವನ್ನು ಪರಿಗಣಿಸಿ ವೈದ್ಯರ ಸಂಘಕ್ಕೆ ಸೇರಿಸಲಾಯಿತು. ಅವನು ತಲೆಬಾಗಿ ಒಪ್ಪಿಕೊಂಡ.

ಜನ ಚದುರಿದ ಮೇಲೆ ರೋಟ್ಮುಂಡರು ಅವನ ಹತ್ತಿರ ಬಂದು ದನಿ ತಗ್ಗಿಸಿದರು.

“ವೈದ್ಯರೇ, ನನ್ನ ಎದೆಗೂ ಸ್ವಲ್ಪ ಚಿಕಿತ್ಸೆ ಬೇಕಿತ್ತು.”

“ಅಳತೆ ಕೊಡಿ ಸ್ವಾಮಿ.”

“ಕೂದಲು ಮಾತ್ರ ಧಾರಾಳವಾಗಿರಲಿ.”